ಚೌಕಟ್ಟಿನಿಂದ ಯಾರನ್ನು ಹೊರಗೆ ಹಾಕಿದಿರಿ?

ನನ್ನ ಮೇಜಿನ ಡ್ರಾಯರಿನಲ್ಲಿ ಒಂದು ಸರ್ಟಿಫಿಕೇಟ್ ಇದೆ. ಪುಣೆಯ ಛಾಯಾಗ್ರಹಣ ಕ್ಲಬ್ಬೊಂದರ ಸ್ಪರ್ಧೆಯಲ್ಲಿ ನನ್ನ ಚಿತ್ರಕ್ಕೆ ಬಂದ ಎರಡನೇ ಬಹುಮಾನ ಅದು. ಅದರ ಮೇಲೆ ಜಗಳ ತೆಗೆಯಲಿಕ್ಕೇ ಈ ಬರಹ. ಜಗಳ ಮೊದಲು ನನ್ನ ಜೊತೆಗೆ, ಆಮೇಲೆ ನಿಮ್ಮ ಜೊತೆಗೆ. ಯಾಕೆಂದರೆ ಇದನ್ನು ಓದುತ್ತಿರುವವರಲ್ಲಿ ಸಾಕಷ್ಟು ಮಂದಿ ವಾರವಿಡೀ ಕಂಪ್ಯೂಟರಿನ ಮುಂದೆ ಕೂತು, ಭಾನುವಾರ ಬೆಳಗ್ಗೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಹೊರಡುವವರು ಎಂದು ನನಗೆ ಗೊತ್ತು.

ನಾವಿರುವ ಸೊಸೈಟಿಯ ಎದುರಿಗೆ ಹೊಸ ಕಟ್ಟಡವೊಂದು ಏಳುತ್ತಿತ್ತು. ಒಂದು ಬೆಳಗ್ಗೆ ಅತ್ತ ಹೋದಾಗ ಕಾಂಕ್ರೀಟ್ ಮಿಕ್ಸರಿನ ಸದ್ದಿನ ನಡುವೆ ನಮ್ಮ ಕಡೆಯ ಮಾತು ಕಿವಿಗೆ ಬಿತ್ತು. ಸಿಂದಗಿ ಕಡೆಯವರು, ಹತ್ತು-ಹನ್ನೆರಡು ಜನರ ಗುಂಪು. ನಾನು ಧಾರವಾಡದವನು ಎಂದ ಕೂಡಲೇ ಚಹಾ ಬಂತು. ತಲೆಯ ಮೇಲೆ ಸಿಂಬಿ, ಅದರ ಮೇಲೆ ತುಂಬಿದ ಬಾಂಡ್ಲಿ ಹೊತ್ತಿದ್ದ ಒಬ್ಬ ಹೆಣ್ಣುಮಗಳು, "ನಮ್ದೂ ಒಂದು ಫೋಟೋ ತಗೀರಿ ಅಣ್ಣಾರ, ಊರಾಗ ಅವ್ವಗ ಕಳಸ್ತೀನಿ" ಎಂದಳು. ತೆಗೆದೆ. ಬೆಳಕು ಚೆನ್ನಾಗಿತ್ತು. ಸಾರುವೆಯ ಗಳಗಳ ನೆರಳು ಅರ್ಧ ಮುಗಿದ ಗೋಡೆಯ ಮೇಲೆ ಓರೆಯಾಗಿ ಬಿದ್ದಿತ್ತು. ಅವಳು ಆ ನೆರಳನ್ನು ದಾಟಿ ಬಲಕ್ಕೆ ನಡೆಯುತ್ತಿದ್ದಳು. ಚೌಕಟ್ಟಿನ ಎಡ ಅಂಚಿನಲ್ಲಿ, ಮರಳಿನ ರಾಶಿಯ ಮೇಲೆ, ನಾಲ್ಕೈದು ವರ್ಷದ ಅವಳ ಮಗಳು ಕೂತು ತಾಯಿಯನ್ನೇ ನೋಡುತ್ತಿದ್ದಳು.

ಕ್ಲಬ್ಬಿನ ತಿಂಗಳ ಸಭೆಯಲ್ಲಿ ಆ ಚಿತ್ರವನ್ನು ಪರದೆಯ ಮೇಲೆ ತೋರಿಸಿದೆ. ಹಿರಿಯ ಸದಸ್ಯರೊಬ್ಬರು ತೀರ್ಪು ಕೊಡಲು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಹೆಂಗಸು ಸರಿಯಾಗಿ ನಡುವೆ ಬಂದಿದ್ದಾಳೆ, ಅದು ತಪ್ಪು. ಮಗುವಿನ ಬಿಳಿ ಫ್ರಾಕು ಕಣ್ಣನ್ನು ಅಂಚಿಗೆ ಎಳೆಯುತ್ತದೆ, ಅದು ಅಡ್ಡಿ. ಎಡಗಡೆಯನ್ನು ಕತ್ತರಿಸಿದರೆ ಹೆಂಗಸು ಮೂರನೇ ಒಂದರ ಗೆರೆಯ ಮೇಲೆ ನಿಲ್ಲುತ್ತಾಳೆ, ಅವಳ ಮುಂದೆ ನಡೆಯಲು ಖಾಲಿ ಜಾಗ ಸಿಗುತ್ತದೆ, ಓರೆ ನೆರಳಿಗೂ ಬಲ ಬರುತ್ತದೆ. ಅವರ ಮಾತಿನಲ್ಲಿ ಯಾವ ಕೆಟ್ಟತನವೂ ಇರಲಿಲ್ಲ, ಬರೀ ನಿಯಮವಿತ್ತು. ಮನೆಗೆ ಹೋಗಿ ಕತ್ತರಿಸಿದೆ. ಬಹುಮಾನ ಬಂತು. ತೀರ್ಪುಗಾರರು ನೆಗೆಟಿವ್ ಸ್ಪೇಸ್ ಅನ್ನು ವಿಶೇಷವಾಗಿ ಮೆಚ್ಚಿಕೊಂಡರು.

ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ಹೆಮ್ಮೆಯಿಂದ ಅವಳಿಗೆ ಕೊಡಲು ಹೋದೆ. "ಚಂದ ಬಂದೈತ್ರಿ" ಎಂದಳು. ಆಮೇಲೆ ಬೆರಳಿನಿಂದ ಎಡಗಡೆ ತಡಕಿದಳು. "ನಮ್ಮ ಹುಡುಗಿ ಎಲ್ಲದಾಳ್ರಿ ಇದರಾಗ? ಅಲ್ಲೇ ಕುಂತಿದ್ದಳಲ್ರಿ."

ಅಕೀ ಬಂದಿಲ್ಲ ಎಂದು ಸುಳ್ಳು ಹೇಳಿದೆ. ಅವಳು ಸ್ವಲ್ಪ ಹೊತ್ತು ಚಿತ್ರವನ್ನೇ ನೋಡಿ ಹೇಳಿದಳು: "ಅವ್ವ ದಿನಾ ಕೇಳ್ತಾಳ್ರಿ, ಕೂಸಿನ್ನ ಯಾರ ಕಡೆ ಬಿಟ್ಟು ದುಡೀಲಿಕ್ಕೆ ಹೋಗ್ತಿ ಅಂತ. ಇಲ್ಲೇ ನನ್ನ ಕಣ್ಣ ಮುಂದನ ಅದಾಳ ಅಂತ ತೋರಸೂದಿತ್ತು."

ಈಗ ಹೇಳಿ, ಆ ಚಿತ್ರದಲ್ಲಿ ಅಡ್ಡಿಯಾಗಿದ್ದದ್ದು ಯಾವುದು?

ಇದು ನೀತಿಯ ಪ್ರಶ್ನೆ, ಕಲೆಯ ಪ್ರಶ್ನೆ ಬೇರೆ ಎಂದು ಕೆಲವರು ಜಾರಿಕೊಳ್ಳುತ್ತಾರೆ. ನಾನು ಒಪ್ಪುವುದಿಲ್ಲ. ಇದು ಅಪ್ಪಟ ಕಾಂಪೊಸಿಷನ್ನಿನ ಪ್ರಶ್ನೆ, ಮತ್ತು ಕಾಂಪೊಸಿಷನ್ನಿನ ಲೆಕ್ಕದಲ್ಲೇ ನಾವು ಸೋತಿದ್ದೆವು. ಆ ಚಿತ್ರದ ಅತ್ಯಂತ ಗಟ್ಟಿಯಾದ ಗೆರೆ ಗೋಡೆಯ ಮೇಲಿನ ನೆರಳಲ್ಲ. ಮಗಳ ಕಣ್ಣಿನಿಂದ ತಾಯಿಯ ಬೆನ್ನಿನವರೆಗೆ ಹರಿಯುತ್ತಿದ್ದ, ಶಾಯಿಯಿಲ್ಲದ ಗೆರೆ. ಬಾಂಡ್ಲಿಯ ಭಾರಕ್ಕೆ ತೂಕವಾಗಿ ಚೌಕಟ್ಟಿನ ಇನ್ನೊಂದು ತಟ್ಟೆಯಲ್ಲಿ ಕೂತಿದ್ದದ್ದು ಆ ಬಿಳಿ ಫ್ರಾಕು. ತಾಯಿ ನಡುವೆ ನಿಂತದ್ದು ತಪ್ಪಿನಿಂದಲ್ಲ. ಒಂದು ಕಡೆ ಮಗು, ಇನ್ನೊಂದು ಕಡೆ ಕಟ್ಟಬೇಕಾದ ಗೋಡೆ. ಎರಡರ ನಡುವೆ ಅವಳ ಬದುಕು ನಿಂತಿತ್ತು. ನಮಗೆ ಗೋಡೆಯ ಮೇಲಿನ ಗೆರೆ ಕಂಡಿತು, ನೋಟದ ಗೆರೆ ಕಾಣಲಿಲ್ಲ. ಕಣ್ಣಿನ ಮುಂದೆ ಒಂಬತ್ತು ಮನೆಗಳ ಜಾಲರಿ ಕಟ್ಟಿಕೊಂಡು ನೋಡಿದರೆ ಹಾಗೇ ಆಗುವುದು.

ಆ ಜಾಲರಿ ಎಲ್ಲಿಂದ ಬಂತು ಎಂದು ನಾವು ಕೇಳುವುದೇ ಇಲ್ಲ. ಮೊಬೈಲಿನ ಕ್ಯಾಮೆರಾದಲ್ಲಿ ಗ್ರಿಡ್ ಎಂಬ ಗುಂಡಿ ಇರುವುದರಿಂದ ಅದು ಸೃಷ್ಟಿಯ ನಿಯಮ ಎಂದುಕೊಂಡಿದ್ದೇವೆ. ಮೂರರ ಸೂತ್ರಕ್ಕೆ ಆ ಹೆಸರು ಕೊಟ್ಟವನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ. 1797ರಲ್ಲಿ, ಹಳ್ಳಿಗಾಡಿನ ದೃಶ್ಯಗಳನ್ನು ಚಿತ್ರಿಸುವ ಬಗ್ಗೆ ಬರೆದ ಪುಸ್ತಕದಲ್ಲಿ. ನೆಲಕ್ಕೆಷ್ಟು, ಆಕಾಶಕ್ಕೆಷ್ಟು, ಬೆಳಕಿಗೆಷ್ಟು, ನೆರಳಿಗೆಷ್ಟು ಎಂಬ ಪ್ರಮಾಣದ ಚರ್ಚೆ ಅದು. ಛಾಯಾಗ್ರಹಣ ಜಗತ್ತಿಗೆ ಪ್ರಕಟವಾಗಿದ್ದೇ 1839ರಲ್ಲಿ. ಅಂದರೆ ಕ್ಯಾಮೆರಾ ಬರುವ 42 ವರ್ಷ ಮೊದಲು, ಇಂಗ್ಲೆಂಡಿನ ಗುಡಿಸಲು ಮತ್ತು ಮರಗಳನ್ನು ನೋಡುತ್ತಿದ್ದವನೊಬ್ಬನ ಅಭಿರುಚಿ ಇವತ್ತು ಪುಣೆಯ ಕಟ್ಟಡವೊಂದರ ಮರಳಿನ ರಾಶಿಯ ಮೇಲೆ ಕೂತ ಮಗುವನ್ನು ಎಬ್ಬಿಸಿ ಕಳಿಸುತ್ತಿದೆ.

ಚಿತ್ರಕಲೆಯ ನಿಯಮಗಳನ್ನು ಕ್ಯಾಮೆರಾಕ್ಕೆ ಅಂಟಿಸುವ ಕೆಲಸ ಆಮೇಲೆ ಜೋರಾಗಿ ನಡೆಯಿತು. ಹೆನ್ರಿ ಪೀಚ್ ರಾಬಿನ್ಸನ್ 1869ರಲ್ಲಿ ಛಾಯಾಗ್ರಾಹಕರಿಗಾಗಿಯೇ ಸಂಯೋಜನೆಯ ಕೈಪಿಡಿ ಬರೆದ. ಅವನ ಪ್ರಸಿದ್ಧ ಚಿತ್ರ 1858ರ 'ಫೇಡಿಂಗ್ ಅವೇ'ಯಲ್ಲಿ ಸಾವಿನ ಅಂಚಿನಲ್ಲಿರುವ ಹುಡುಗಿ, ಸುತ್ತ ಮನೆಯವರು. ಅದು ಐದು ನೆಗೆಟಿವ್‌ಗಳನ್ನು ಜೋಡಿಸಿ ಮಾಡಿದ ಚಿತ್ರ. ಬೇಕಾದವರನ್ನು ಬೇಕಾದಲ್ಲಿ ಕೂರಿಸುವವನಿಗೆ ನಿಯಮ ಸುಲಭ. ಅವನ ಕಾಲದಲ್ಲೇ ಪಿ. ಎಚ್. ಎಮರ್ಸನ್ 1889ರಲ್ಲಿ ಇನ್ನೊಂದು ಪುಸ್ತಕ ಬರೆದು, ಈ ಕೃತಕ ಜೋಡಣೆಯನ್ನು ಬಲವಾಗಿ ವಿರೋಧಿಸಿದ. ಅಂದರೆ ಈ ಜಗಳಕ್ಕೆ ನೂರಮೂವತ್ತು ವರ್ಷ ದಾಟಿದೆ. ನಮ್ಮ ಕ್ಲಬ್ಬುಗಳು ಅದರಲ್ಲಿ ಒಂದೇ ಪಕ್ಷದ ಮಾತನ್ನು ಕಲಿಸುತ್ತಿವೆ, ಇನ್ನೊಂದು ಪಕ್ಷ ಇತ್ತು ಎಂಬುದನ್ನೂ ಹೇಳದೆ.

ವರ್ಣಚಿತ್ರಕಾರನಿಗೂ ಛಾಯಾಗ್ರಾಹಕನಿಗೂ ಇರುವ ವ್ಯತ್ಯಾಸ ಸಣ್ಣದಲ್ಲ. ಖಾಲಿ ಕ್ಯಾನ್ವಾಸಿನ ಮುಂದೆ ನಿಂತವನು ಒಂದೊಂದನ್ನೇ ಒಳಗೆ ತರುತ್ತಾನೆ. ನಮ್ಮ ಮುಂದೆ ಲೋಕ ಆಗಲೇ ತುಂಬಿದೆ. ನಾವು ಮಾಡುವುದು ಹೊರಗಿಡುವ ಕೆಲಸ. ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಛಾಯಾಚಿತ್ರ ವಿಭಾಗ ನೋಡಿಕೊಳ್ಳುತ್ತಿದ್ದ ಜಾನ್ ಜಾರ್ಕೋವ್ಸ್ಕಿ 1966ರ ತಮ್ಮ 'ದಿ ಫೋಟೋಗ್ರಾಫರ್ಸ್ ಐ' ಪುಸ್ತಕದಲ್ಲಿ ಈ ಮಾಧ್ಯಮದ ರೂಪವನ್ನು ಐದು ಅಂಶಗಳಲ್ಲಿ ನೋಡಿದರು: ಎದುರಿಗಿರುವ ವಸ್ತು, ವಿವರ, ಚೌಕಟ್ಟು, ಕಾಲ, ನಿಂತು ನೋಡುವ ಜಾಗ. ಗಮನಿಸಿ, ಈ ಐದರಲ್ಲಿ ಮೂರರ ಗೆರೆ ಇಲ್ಲ, ಸುವರ್ಣ ಅನುಪಾತವೂ ಇಲ್ಲ. ಐದೂ ಪ್ರಶ್ನೆಗಳೇ. ಏನನ್ನು ನೋಡುತ್ತಿದ್ದೀಯ? ಅದರಲ್ಲಿ ಯಾವುದು ಮಾತಾಡುತ್ತದೆ? ಅಂಚನ್ನು ಎಲ್ಲಿ ಎಳೆದೆ? ಯಾವ ಕ್ಷಣ? ಎಲ್ಲಿ ನಿಂತು? ನಮ್ಮ ಕ್ಲಬ್ಬಿನ ತೀರ್ಪುಗಾರರು ನನ್ನನ್ನು ಇವುಗಳಲ್ಲಿ ಒಂದನ್ನಾದರೂ ಕೇಳಿದ್ದರೆ ಆ ಮಗು ಉಳಿಯುತ್ತಿತ್ತು.

ಅಂಚಿನ ಬೆಲೆ ಏನು ಎನ್ನುವುದಕ್ಕೆ ವಲಸಿಗರಾದ ನಾವು ಮರೆಯಬಾರದ ಒಂದು ಚಿತ್ರವಿದೆ. ಡೊರೊಥಿಯಾ ಲ್ಯಾಂಗ್ 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೊದ ಬಟಾಣಿ ಕೀಳುವವರ ಶಿಬಿರದಲ್ಲಿ ತೆಗೆದ 'ಮೈಗ್ರಂಟ್ ಮದರ್'. ಗಲ್ಲದ ಬಳಿ ಕೈಯಿಟ್ಟ ತಾಯಿ, ಮಡಿಲಲ್ಲಿ ಕೂಸು, ಎರಡೂ ಹೆಗಲಿಗೆ ಮುಖ ಮರೆಸಿಕೊಂಡ ಇಬ್ಬರು ಮಕ್ಕಳು. ಕಾಂಪೊಸಿಷನ್ ಪಾಠಗಳಲ್ಲಿ ತ್ರಿಕೋನ ರಚನೆಗೆ ಇದನ್ನೇ ತೋರಿಸುತ್ತಾರೆ. ಅದೇ ಹೊತ್ತಿನಲ್ಲಿ ಲ್ಯಾಂಗ್ ತೆಗೆದ ಬೇರೆ ಚೌಕಟ್ಟುಗಳಲ್ಲಿ ಗುಡಾರವಿದೆ, ಟ್ರಂಕಿದೆ, ಹದಿಹರೆಯದ ಮಗಳೂ ಇದ್ದಾಳೆ. ಹತ್ತಿರ ಬರುತ್ತಾ ಬರುತ್ತಾ ಅವೆಲ್ಲ ಅಂಚಿನಾಚೆ ಹೋದವು. ಕೊನೆಗೆ ಉಳಿದ ಚಿತ್ರದ ಬಲ ಮೂಲೆಯಲ್ಲಿ ಗುಡಾರದ ಗೂಟ ಹಿಡಿದ ಕೈಯ ಹೆಬ್ಬೆರಳೊಂದು ಇತ್ತು. ಕಣ್ಣಿಗೆ ಅಡ್ಡಿಯೆಂದು ಲ್ಯಾಂಗ್ ಅದನ್ನು ನೆಗೆಟಿವ್‌ನಲ್ಲೇ ತಿದ್ದಿಸಿ ಮಸುಕು ಮಾಡಿಸಿದರು. ಆ ಸರ್ಕಾರಿ ಯೋಜನೆಯ ಮುಖ್ಯಸ್ಥ ರಾಯ್ ಸ್ಟ್ರೈಕರ್‌ಗೆ ಅದು ಇಷ್ಟವಾಗಲಿಲ್ಲ.

ಒಂದು ಹೆಬ್ಬೆರಳು ಹೋದರೆ ಏನಾಯಿತು ಎನ್ನಬಹುದು. ಆದರೆ ಆ ತಾಯಿಯ ಹೆಸರೂ ಹೀಗೆಯೇ ಹೋಗಿತ್ತು. ಅವಳು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂದು ಲೋಕಕ್ಕೆ ತಿಳಿದದ್ದು 1978ರಲ್ಲಿ, 42 ವರ್ಷಗಳ ನಂತರ. ಆ ಚಿತ್ರದಿಂದ ತನಗೆ ಒಂದು ಕಾಸೂ ಬರಲಿಲ್ಲ ಎಂಬ ನೋವು ಆಕೆಗಿತ್ತು. ಚಿತ್ರ ಪತ್ರಿಕೆಯಲ್ಲಿ ಬಂದ ಮೇಲೆ ಶಿಬಿರಕ್ಕೆ ಆಹಾರವೇನೋ ಹೋಯಿತು. ಅಷ್ಟರಲ್ಲಿ ಆ ಕುಟುಂಬ ಅಲ್ಲಿಂದ ಹೊರಟುಹೋಗಿತ್ತು. ಲ್ಯಾಂಗ್ ದೊಡ್ಡ ಛಾಯಾಗ್ರಾಹಕಿ, ಆ ಚಿತ್ರವೂ ದೊಡ್ಡದೇ. ಆದರೆ ಗುಡಾರ, ಟ್ರಂಕು, ಹೆಬ್ಬೆರಳು, ಹೆಸರು ಎಲ್ಲ ಒಂದೊಂದಾಗಿ ಕಳಚಿದಾಗ ಒಬ್ಬ ಹೆಣ್ಣುಮಗಳು ಒಂದು ಸಂಕೇತವಾಗಿಬಿಟ್ಟಳು. ಅಂಥ ದೊಡ್ಡವರ ಕೈಯಲ್ಲೇ ಚೌಕಟ್ಟು ಇಷ್ಟನ್ನು ನುಂಗುವುದಾದರೆ, ಭಾನುವಾರದ ಛಾಯಾಗ್ರಾಹಕರಾದ ನಾವು ಎಷ್ಟು ಎಚ್ಚರದಿಂದಿರಬೇಕು?

ನಾನು ಕತ್ತರಿಸುವುದೇ ಪಾಪ ಎನ್ನುತ್ತಿಲ್ಲ. ಕತ್ತರಿಸದೆ ಪೂರ್ತಿ ಚೌಕಟ್ಟನ್ನೇ ಮುದ್ರಿಸಬೇಕೆಂದು ಹಟ ಹಿಡಿದ ಆನ್ರಿ ಕಾರ್ತಿಯೇ-ಬ್ರೆಸಾನ್ ಕೂಡ, 1932ರಲ್ಲಿ ಪ್ಯಾರಿಸಿನ ಸ್ಯಾಂ-ಲಜಾರ್ ನಿಲ್ದಾಣದ ಹಿಂದೆ ನೀರು ಹಾರುವ ಮನುಷ್ಯನ ಚಿತ್ರವನ್ನು ಕತ್ತರಿಸಿದ್ದಾರೆ. ಬೇಲಿಯ ಸಂದಿಯಿಂದ ತೆಗೆದದ್ದರಿಂದ ಒಂದು ಬದಿಗೆ ಹಲಗೆ ಅಡ್ಡ ಬಂದಿತ್ತು. ಅವರು ಕತ್ತರಿಸಿದ್ದು ಹಲಗೆಯನ್ನು. ನಾನು ಕತ್ತರಿಸಿದ್ದು ಮಗುವನ್ನು. ಎರಡಕ್ಕೂ ನಮ್ಮ ಕ್ಲಬ್ಬಿನಲ್ಲಿ ಒಂದೇ ಪದ: ಅಡ್ಡಿ.

ನಮ್ಮ ಬೀದಿಗಳಿಗೆ ಈ ಶುಚಿಯಾದ, ಖಾಲಿ ಜಾಗದ ರೂಪ ಹೊಂದುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ರಘುಬೀರ್ ಸಿಂಗ್ (1942–1999) ಅವರ ಬಣ್ಣದ ಚಿತ್ರಗಳನ್ನು ತೆರೆದು ನೋಡಿ. ಅವರು ತೀರಿಕೊಂಡ ಮೇಲೆ 2002ರಲ್ಲಿ ಬಂದ 'ಎ ವೇ ಇನ್‌ಟು ಇಂಡಿಯಾ'ದಲ್ಲಿ ಅಂಬಾಸಿಡರ್ ಕಾರೇ ಚೌಕಟ್ಟು. ಕಿಟಕಿ, ತೆರೆದ ಬಾಗಿಲು, ಪಕ್ಕದ ಕನ್ನಡಿ ಚಿತ್ರವನ್ನು ನಾಲ್ಕೈದು ತುಂಡು ಮಾಡುತ್ತವೆ. ಪ್ರತಿ ತುಂಡಿನಲ್ಲೂ ಬೇರೆ ಬೇರೆ ಜನ, ಬೇರೆ ಬೇರೆ ಕೆಲಸ. ಕಣ್ಣಿಗೆ ಒಂದೇ ಕಡೆ ಕೂರಲು ಬಿಡುವುದಿಲ್ಲ. ಕ್ಲಬ್ಬಿನ ಪರದೆಯ ಮೇಲೆ ಹಾಕಿದರೆ ಗಜಿಬಿಜಿ, ಮುಖ್ಯ ವಿಷಯ ಯಾವುದೆಂದು ಸ್ಪಷ್ಟವಿಲ್ಲ ಎಂದು ತಳ್ಳಿಬಿಡುವ ಚಿತ್ರಗಳು. ಆದರೆ ದಾದರ್ ಸ್ಟೇಷನ್ನಿನ ಸೇತುವೆ ಹತ್ತಿದವರಿಗೆ, ಚಾರ್ಮಿನಾರಿನ ಸುತ್ತ ನಡೆದವರಿಗೆ ಗೊತ್ತು, ನಮ್ಮಲ್ಲಿ ಮುಖ್ಯ ವಿಷಯ ಒಂದೇ ಇರುವುದು ಅಪರೂಪ. ಅದು ರೂಪವಿಲ್ಲದ ಗಜಿಬಿಜಿಯಲ್ಲ, ಬೇರೊಂದು ಲೆಕ್ಕದ ರೂಪ.

ಹಾಗೆಯೇ 'ನಡುವೆ ನಿಲ್ಲಿಸಬೇಡಿ' ಎಂಬ ಆಜ್ಞೆ. ನಿಮ್ಮ ಊರಿನ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ ಅಜ್ಜ-ಅಜ್ಜಿಯ ಫೋಟೋ ನೆನಪಿಸಿಕೊಳ್ಳಿ. ಸ್ಟುಡಿಯೋದ ಬಣ್ಣದ ಪರದೆಯ ಮುಂದೆ, ಸರಿಯಾಗಿ ನಡುವೆ, ನೆಟ್ಟಗೆ ಕ್ಯಾಮೆರಾದ ಕಡೆಗೆ ಮುಖ, ಮೊಣಕಾಲಿನ ಮೇಲೆ ಕೈ. ಅದನ್ನು ತೆಗೆದವನಿಗೆ ಕಲೆ ಗೊತ್ತಿರಲಿಲ್ಲವೇ? ಗುಡಿಯಲ್ಲಿ ದೇವರು ಮೂರನೇ ಒಂದರ ಗೆರೆಯ ಮೇಲೆ ನಿಲ್ಲುವುದಿಲ್ಲ. ನಮ್ಮ ರಂಗೋಲಿ ಬೆಳೆಯುವುದು ನಡುವಿನ ಚುಕ್ಕಿಯ ಸುತ್ತ. ಎದುರಾಎದುರು ನಿಂತು ನೋಡುವುದು, ನೋಡಿಸಿಕೊಳ್ಳುವುದು ನಮ್ಮಲ್ಲಿ ಗೌರವದ ರೂಪ. ಮಧ್ಯಪ್ರದೇಶದ ನಾಗ್ದಾ ಪಟ್ಟಣದ ಸ್ಟುಡಿಯೋಗಳನ್ನು ಅಧ್ಯಯನ ಮಾಡಿದ ಕ್ರಿಸ್ಟೋಫರ್ ಪಿನ್ನಿ 1997ರಲ್ಲಿ 'ಕ್ಯಾಮೆರಾ ಇಂಡಿಕಾ' ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಹೊರಗಿನ ವಿದ್ವಾಂಸರಿಗೆ ಪುಸ್ತಕ ಬರೆಯುವಷ್ಟು ಕಂಡದ್ದು, ನಮ್ಮ ತೀರ್ಪುಗಾರರಿಗೆ ಅಂಕ ಕಳೆಯುವ ತಪ್ಪಾಗಿ ಕಾಣುತ್ತದೆ.

ಈಗ ಬರುವ ಎದುರು ಮಾತು ನನಗೆ ಗೊತ್ತು. ಕಲಿಯುವವರಿಗೆ ನಿಯಮ ಬೇಡವೇ? ಮೊದಲು ವ್ಯಾಕರಣ ಕಲಿತು ಆಮೇಲೆ ಮುರಿಯಲಿ. ನಾನು ಈ ಮಾತನ್ನು ಹೊಸ ಸದಸ್ಯರಿಗೆ ಎಷ್ಟೋ ಸಲ ಹೇಳಿದ್ದೇನೆ. ಈಗ ನಾಚಿಕೆಯಾಗುತ್ತದೆ. ವ್ಯಾಕರಣದ ಮಾತು ತೆಗೆದಿದ್ದೀರಿ, ಸಂತೋಷ. ಹದಿಮೂರನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದದ್ದು ಹೇಗೆ? ತನಗಿಂತ ಹಿಂದಿನ ಕವಿಗಳು ಭಾಷೆಯನ್ನು ಹೇಗೆ ಬಳಸಿದ್ದಾರೆಂದು ನೋಡಿ, ಅವರ ಪ್ರಯೋಗಗಳನ್ನು ಉದಾಹರಣೆಯಾಗಿಟ್ಟು. ಕಾವ್ಯ ಮೊದಲು, ಸೂತ್ರ ಆಮೇಲೆ. ನಮ್ಮಲ್ಲಿ ಸೂತ್ರ ಮೊದಲು, ಅದೂ ಬೇರೆ ಭಾಷೆಯ ಸೂತ್ರ. ಆಮೇಲೆ ಅದಕ್ಕೆ ಹೊಂದುವ ಜನರನ್ನು ಹುಡುಕಿಕೊಂಡು ಬೀದಿಗೆ ಇಳಿಯುತ್ತೇವೆ. ಮತ್ತೆ, ಮುರಿಯುವ ದಿನ ಬರುತ್ತದೆಯೇ? ನಾನಂತೂ ಎಂಟು ವರ್ಷ ಕಾದೆ. ಬಹುಮಾನ ಕೊಡುವುದು ನಿಯಮ ಪಾಲಿಸಿದವರಿಗೇ ಆದ್ದರಿಂದ ಯಾರೂ ಮುರಿಯುವುದಿಲ್ಲ.

ಆಷಾಢದ ವಾರಿಯನ್ನೇ ನೋಡಿ. ಆಳಂದಿಯಿಂದ ಹೊರಟ ಪಾಲಖಿ ಪುಣೆ ದಾಟಿ ಸಾಸವಡದ ಕಡೆಗೆ ದಿವೆ ಘಾಟ್ ಹತ್ತುವ ದಿನ, ಮೇಲಿನ ತಿರುವುಗಳಲ್ಲಿ ನಮ್ಮಂಥವರ ಟೆಲಿ ಲೆನ್ಸುಗಳ ಸಾಲೇ ಇರುತ್ತದೆ. ಎಲ್ಲರಿಗೂ ಬೇಕಾದದ್ದು ಒಂದೇ: ಹಾವಿನಂತೆ ಬಳುಕುವ ರಸ್ತೆಯಲ್ಲಿ ಬಿಳಿ ಟೋಪಿಗಳ ಹೊಳೆ, ಎಸ್ ಆಕಾರದ ಗೆರೆ. ಚೆಂದವೇ. ನಾನೂ ಮೂರು ವರ್ಷ ತೆಗೆದಿದ್ದೇನೆ, ಮೂರೂ ಒಂದೇ ಚಿತ್ರ. ತಲೆಯ ಮೇಲೆ ತುಳಸಿ ಹೊತ್ತು ನಡೆಯುವ ಮುದುಕಿಯ ಪಾದವನ್ನು ನಾನು ಒಮ್ಮೆಯೂ ನೋಡಲಿಲ್ಲ. ಆ ಎತ್ತರದಿಂದ ಪಾದ ಕಾಣುವುದಿಲ್ಲ. ಎಲ್ಲಿ ನಿಲ್ಲುತ್ತೇವೆ ಎಂಬುದೇ ಏನನ್ನು ನೋಡುತ್ತೇವೆ ಎಂಬುದನ್ನು ನಿಶ್ಚಯಿಸುತ್ತದೆ.

ಮೈಸೂರಿನ ಟಿ. ಎಸ್. ಸತ್ಯನ್ ನಮಗೆಲ್ಲ ಹೆಮ್ಮೆಯ ಹೆಸರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಚೇರಿಯಲ್ಲಿ ಪ್ರದರ್ಶನಗೊಂಡವು. ನಮ್ಮ ನಾಡಿನ ಒಬ್ಬ ಛಾಯಾಗ್ರಾಹಕ ಲೋಕದ ಮುಂದೆ ಇಟ್ಟದ್ದು ಮಕ್ಕಳನ್ನು. ಅದೇ ನಾಡಿನವನಾದ ನಾನು ಒಂದು ಮಗುವನ್ನು ಅಂಚಿನಾಚೆ ತಳ್ಳಿ ಸರ್ಟಿಫಿಕೇಟ್ ತಂದೆ. ಅವಳ ಭಾಷೆ ನನಗೆ ತಿಳಿಯುತ್ತಿತ್ತು, ಅವಳು ಕೊಟ್ಟ ಚಹಾ ಕುಡಿದಿದ್ದೆ, ಫೋಟೋ ಯಾರಿಗೆಂದು ಅವಳೇ ಬಾಯಿಬಿಟ್ಟು ಹೇಳಿದ್ದಳು. ಇಷ್ಟಾದರೂ ನಿಯಮದ ಮಾತೇ ನನಗೆ ದೊಡ್ಡದಾಯಿತು. ಭಾಷೆಯೂ ಗೊತ್ತಿಲ್ಲದ ಊರಿನಲ್ಲಿ, ಹೆಸರೂ ಕೇಳದೆ ತೆಗೆಯುವ ನೂರಾರು ಚಿತ್ರಗಳಲ್ಲಿ ನಾವು ಏನೇನನ್ನು ಕತ್ತರಿಸುತ್ತಿದ್ದೇವೋ!

ಹಾಗಾಗಿ ನನ್ನ ಬೇಡಿಕೆಗಳು ಇಷ್ಟೇ. ಕ್ಯಾಮೆರಾದ ಗ್ರಿಡ್ ಅನ್ನು ಆರು ತಿಂಗಳು ಆರಿಸಿಡಿ. ಗುಂಡಿ ಒತ್ತುವ ಮುನ್ನ ನಾಲ್ಕೂ ಅಂಚುಗಳ ಮೇಲೆ ಒಮ್ಮೆ ಕಣ್ಣಾಡಿಸಿ. ಕೊಳಕು ಹುಡುಕಲಿಕ್ಕಲ್ಲ, ಯಾರು ಇದ್ದಾರೆಂದು ತಿಳಿಯಲಿಕ್ಕೆ. ಮಕ್ಕಳಿದ್ದಲ್ಲಿ ಮೊಣಕಾಲೂರಿ ಕೂತು ಅವರ ಎತ್ತರದಿಂದ ಒಂದು ಚಿತ್ರ ತೆಗೆಯಿರಿ. ಒಬ್ಬರ ಚಿತ್ರವನ್ನು ಸ್ಪರ್ಧೆಗೆ ಕಳಿಸುವ ಮೊದಲು ಅವರಿಗೆ ತೋರಿಸಿ, ಅವರು ಏನನ್ನು ಹುಡುಕುತ್ತಾರೆಂದು ಗಮನಿಸಿ. ಅದಕ್ಕಿಂತ ಒಳ್ಳೆಯ ಕಾಂಪೊಸಿಷನ್ ಪಾಠ ನನಗೆ ಯಾವ ಕಾರ್ಯಾಗಾರದಲ್ಲೂ ಸಿಕ್ಕಿಲ್ಲ. ಕ್ಲಬ್ಬು ನಡೆಸುವವರಲ್ಲಿ ಒಂದೇ ವಿನಂತಿ: ಬಹುಮಾನದ ಚಿತ್ರದ ಪಕ್ಕದಲ್ಲಿ ಅದರ ಕತ್ತರಿಸದ ಮೂಲವನ್ನೂ ತೂಗುಹಾಕಿ. ಜನ ಎರಡನ್ನೂ ನೋಡಲಿ. ಕತ್ತರಿಸಿದ್ದು ಹಲಗೆಯನ್ನೋ ಮಗುವನ್ನೋ ಅವರೇ ಹೇಳುತ್ತಾರೆ.

ಪೂರ್ತಿ ಚೌಕಟ್ಟಿನ ಇನ್ನೊಂದು ಪ್ರಿಂಟ್ ಹಾಕಿಸಿಕೊಂಡು ಎರಡು ವಾರದ ಮೇಲೆ ಮತ್ತೆ ಹೋದೆ. ಸ್ಲ್ಯಾಬಿನ ಕೆಲಸ ಮುಗಿದಿತ್ತು. ಸಿಂದಗಿಯವರ ಗುಂಪು ಬೇರೆ ಸೈಟಿಗೆ ಹೋಗಿದೆ, ಎಲ್ಲಿಗೆಂದು ಗೊತ್ತಿಲ್ಲ ಎಂದ ವಾಚ್‌ಮನ್. ಕಾಂಟ್ರಾಕ್ಟರನ ನಂಬರಿಗೆ ಫೋನ್ ಮಾಡಿದೆ, ಆತನೂ ಬದಲಾಗಿದ್ದ. ಅವಳು ಮೊದಲ ಪ್ರಿಂಟನ್ನು ಊರಿಗೆ ಕಳಿಸಿದಳೋ ಇಲ್ಲವೋ ತಿಳಿಯದು. ಕಳಿಸಿದ್ದರೆ, ಸಿಂದಗಿ ತಾಲ್ಲೂಕಿನ ಯಾವುದೋ ಮನೆಯಲ್ಲಿ ಒಬ್ಬ ಮುದುಕಿ ಬಹುಮಾನ ಪಡೆದ ಆ ಚಿತ್ರವನ್ನು ಕೈಯಲ್ಲಿ ಹಿಡಿದು, ನೆಗೆಟಿವ್ ಸ್ಪೇಸಿನಲ್ಲಿ ಮೊಮ್ಮಗಳನ್ನು ಹುಡುಕುತ್ತಿರುತ್ತಾಳೆ.

ಎರಡನೇ ಪ್ರಿಂಟ್ ನನ್ನ ಬಳಿಯೇ ಇದೆ. ಈಗ ಡ್ರಾಯರಿನೊಳಗೆ ಸರ್ಟಿಫಿಕೇಟ್, ಗೋಡೆಯ ಮೇಲೆ ಆ ಚಿತ್ರ. ಮನೆಗೆ ಬಂದವರೆಲ್ಲ ಮೊದಲು ಕೇಳುವುದು ಒಂದೇ: "ಆ ಮಗು ಯಾರದು?"